ಎರಡನೇ ಕಾರ್ಡಿನಲ್ಲಿ ಸಿಕ್ಕಿಬಿದ್ದವಳು

"ಕೈ ತೆಗೀರಿ!"

ಅಂಗಡಿಯ ಆ ಮೂಲೆಯಿಂದ ಬಂದ ಕೂಗಿಗೆ ಅವಳು ಬೆಚ್ಚಿಬಿದ್ದಳು. ಕೈಯಲ್ಲಿದ್ದ ಕ್ಯಾಮೆರಾ ಇನ್ನೇನು ಜಾರಬೇಕು, ಅಷ್ಟರಲ್ಲಿ ಒಬ್ಬ ಗಂಡಸು ಮೂರೇ ಹೆಜ್ಜೆಗೆ ಬಂದು ಅದನ್ನು ಎರಡೂ ಕೈಯಿಂದ ಹಿಡಿದ. ಅವಳ ಬೆರಳುಗಳೂ ಅವನ ಅಂಗೈಯೊಳಗೇ ಸಿಕ್ಕಿಕೊಂಡವು.

ಒಂದು ಕ್ಷಣ... ಎರಡು ಕ್ಷಣ...

ಇಬ್ಬರೂ ಬಿಡಲಿಲ್ಲ. ಅವನು ಬಿಡದಿದ್ದದ್ದು ಕ್ಯಾಮೆರಾ ಬಿದ್ದೀತೆಂಬ ಭಯಕ್ಕೆ. ಅವಳು ಬಿಡದಿದ್ದದ್ದು ಸಿಟ್ಟಿಗೆ!

"ಏನ್ರೀ ಅದು ಕಿರುಚಾಟ? ನಾನೇನು ಕದ್ದುಕೊಂಡು ಓಡ್ತಿದ್ನಾ?"

"ಕದ್ದಿದ್ರೂ ಇಷ್ಟು ಗಾಬರಿ ಆಗ್ತಿರಲಿಲ್ಲ ಮೇಡಂ. ಮುಚ್ಚಳ ತೆಗೆದ ಬಾಡಿ ಒಳಗೆ ಬೆರಳು ಹಾಕ್ತಿದ್ರಲ್ಲ! ಅಲ್ಲಿ ಹೊಳೀತಿದೆಯಲ್ಲ, ಅದು ಸೆನ್ಸರ್. ಚಿತ್ರ ಬೀಳೋದೇ ಅದರ ಮೇಲೆ."

"ಧೂಳು ಕಾಣಿಸ್ತು. ಒರೆಸೋಣ ಅಂತ..."

"ಬೆರಳಲ್ಲಾ?"

ಅವಳಿಗೆ ತಪ್ಪು ಗೊತ್ತಾಯಿತು. ಆದರೆ ತಪ್ಪು ಗೊತ್ತಾದಾಗಲೇ ಅವಳ ದನಿ ಇನ್ನಷ್ಟು ಏರುತ್ತಿತ್ತು. ಹುಟ್ಟುಗುಣ.

"ನೋಡ್ರೀ, ಎದುರುಗಡೆ ಮಹಡಿ ಮೇಲಿನ ಕನ್ನಡಕದ ಅಂಗಡಿಯವಳು ನಾನು. ದಿನಕ್ಕೆ ಮೂವತ್ತು ಜನರ ಕಣ್ಣು ಬಿಡಿಸಿ ನೋಡ್ತೀನಿ. ಒಬ್ಬರಾದ್ರೂ ಹೀಗೆ ಕಿರುಚಿಲ್ಲ!"

ಅವನು ಕ್ಯಾಮೆರಾವನ್ನು ಬಾಯಿ ಕೆಳಗೆ ಮಾಡಿ ಹಿಡಿದು, ರಬ್ಬರ್ ಬುರುಡೆಯೊಂದನ್ನು ಒತ್ತಿ ಪುಸ್ ಪುಸ್ ಎಂದು ಗಾಳಿ ಹೊಡೆದ. ಆಮೇಲೆ ಮೆಲ್ಲಗೆ ಹೇಳಿದ:

"ಇದೂ ಕಣ್ಣೇ ಮೇಡಂ. ಆದರೆ ಪಾಪ, ಇದಕ್ಕೆ ರೆಪ್ಪೆ ಇಲ್ಲ."

ಅವಳು ಬಾಯಿ ತೆರೆದಳು. ಏನೂ ಹೊರಡಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವಳ ಬಾಯಿ ಹೀಗೆ ಕಟ್ಟಿಹೋದದ್ದು ಅದೇ ಮೊದಲು!

ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು 'ಮೆಣಸಿ' ಎಂದು. ಆಳು ಸಣ್ಣ, ಖಾರ ಜಾಸ್ತಿ. ಆ ಖಾರಕ್ಕೆ ಒಂದು ಸಂಬಂಧವೂ ಸುಟ್ಟುಹೋಗಿತ್ತು. ಮೂರು ವರ್ಷದ ಹಿಂದೆ ಮದುವೆಯ ಮಾತು ಗಟ್ಟಿಯಾಗುವ ಹೊತ್ತಿಗೆ ಗಂಡು "ನಿನ್ನ ಜೊತೆ ಮಾತಾಡೋಕೇ ಭಯ ಆಗುತ್ತೆ" ಎಂದು ಹೇಳಿ ಎದ್ದುಹೋಗಿದ್ದ. ಹೋಗಲಿ ಬಿಡು ಎಂದು ಅವಳೇ ಎಲ್ಲರಿಗೂ ಸಮಾಧಾನ ಹೇಳಿದ್ದಳು. ಹೇಳುವುದು ಸುಲಭ. ಆ ಮಾತು ಮಾತ್ರ ಒಳಗೆ ಎಲ್ಲೋ ಮುಳ್ಳಿನಂತೆ ಮುರಿದುಕೊಂಡು ಉಳಿದಿತ್ತು.

ಈ ಮನುಷ್ಯ ಭಯ ಬಿದ್ದಂತೆ ಕಾಣಲಿಲ್ಲ. ಗಾಜಿನ ಮೇಜಿನ ಮೇಲೆ ಎರಡು ಕ್ಯಾಮೆರಾ ಇಟ್ಟ.

"ಒಳಗೆ ಬಂದಾಗ ಹವ್ಯಾಸಕ್ಕೆ ಅಂದ್ರಲ್ಲ? ಹಾಗಾದ್ರೆ ಈ ಎರಡೇ ಬಾಡಿ ನೋಡಿ, ಸಾಕು. ಇದು ಚಿಕ್ಕದು. ಮೇಲೆ ತಿರುಗಿಸೋ ಗುಂಡಿಗಳಿವೆ, ಕೈಚೀಲದಲ್ಲಿ ಹಿಡಿಯುತ್ತೆ. ಬ್ಯಾಟರಿ ಬೇಗ ಮುಗಿಯುತ್ತೆ. ಇದು ದೊಡ್ಡದು. ಹಿಡಿತ ಚೆನ್ನಾಗಿದೆ, ಓಡೋ ಮಗುವನ್ನೂ ಹಾರೋ ಹಕ್ಕಿಯನ್ನೂ ತಪ್ಪದೆ ಹಿಡಿಯುತ್ತೆ. ತೂಕ ಜಾಸ್ತಿ. ನೀವು ಏನು ತೆಗೀತೀರಿ?"

"ಅಂದ್ರೆ?"

"ಯಾವುದರ ಫೋಟೋ ತೆಗೀತೀರಿ?"

"ಕಣ್ಣಿಗೆ ಬಿದ್ದದ್ದು."

"ಅದು ಎಲ್ಲರೂ ಹೇಳೋದೇ. ನಿಮ್ಮ ಕಣ್ಣಿಗೆ ಬೀಳೋದು ಏನು, ಅದು ಗೊತ್ತಾದ್ರೆ ಬಾಡಿ ಯಾವುದು ಅಂತ ತಾನಾಗಿ ಗೊತ್ತಾಗುತ್ತೆ."

ಇವನೇನು ಅಂಗಡಿಯವನೋ ಮೇಷ್ಟ್ರೋ! ಅವಳಿಗೆ ನಗು ಬಂತು. ತಡೆದುಕೊಂಡಳು.

ಬಿಲ್ಲಿನ ಮೇಜಿನ ಹಿಂದೆ ಕೂತಿದ್ದ ದಪ್ಪ ಮೀಸೆಯ ಯಜಮಾನ ಅಲ್ಲಿಂದಲೇ ಕೂಗಿದ: "ಮೂರು ದಿನ ಮನೆಗೆ ತಗೊಂಡು ಹೋಗಿ ನೋಡಿ ಡಾಕ್ಟರಮ್ಮ! ನಮ್ಮ ಬೀದಿಯವರಿಗೆ ಆ ಸವಲತ್ತಿದೆ. ಕೈಗೆ ಒಗ್ಗದ ಬಾಡಿ ನಾನು ಯಾರಿಗೂ ಮಾರಲ್ಲ."

"ನಾನು ಡಾಕ್ಟರ್ ಅಲ್ಲ, ಬರೀ ಕಣ್ಣು ಪರೀಕ್ಷೆ ಮಾಡೋಳು."

"ನನಗೆ ಅಷ್ಟೇ ಸಾಕು!"

ಅವನು ಯಜಮಾನನ ಅಕ್ಕನ ಮಗ ಎಂಬುದು, ಅವನ ಬಾಯಲ್ಲಿ ಬಂದ "ಆಯ್ತು ಮಾವ" ಎಂಬ ಮಾತಿನಿಂದ ತಿಳಿಯಿತು.

* * *

"ಬಾಡಿ ಅಂದ್ರೆ ಏನೇ?" ಅತ್ತಿಗೆ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು. ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಹೊಲಿದು ಅವಳ ಸುತ್ತ ನೀಲಿ ಬಟ್ಟೆಯ ಗುಡ್ಡವೇ ಎದ್ದಿತ್ತು. "ಎರಡು ಬಾಡಿ ತೋರಿಸಿದ, ಒಂದು ಬಾಡಿ ಮನೆಗೆ ತಂದೆ ಅಂತೀಯ. ಅದೇನು ಕ್ಯಾಮೆರಾ ಅಂಗಡಿನೋ, ಆಸ್ಪತ್ರೆ ಹಿಂಬಾಗಿಲೋ?"

"ಲೆನ್ಸ್ ಬಿಟ್ಟು ಉಳಿದದ್ದು ಬಾಡಿ ಅತ್ತಿಗೆ. ಅವರೇ ಹೇಳಿದ್ದು. ಬಾಡಿ ಕೈಗೆ ಹೊಂದಬೇಕಂತೆ. ಗುಂಡಿ ಎಲ್ಲಿದೆ ಅಂತ ಹುಡುಕೋ ಹಾಗಿರಬಾರದಂತೆ. ಅವರು ಹೇಳೋ ಪ್ರಕಾರ..."

"ಅವರು, ಅವರು... ಯಾರು ಆ ಅವರು?"

"ಅಂಗಡಿಯವರು."

"ಹೆಸರಿಲ್ವಾ? ಸರಿ, ಲೆನ್ಸಪ್ಪ ಅನ್ನೋಣ." ಅತ್ತಿಗೆ ನೂಲನ್ನು ಹಲ್ಲಿನಿಂದ ಕಡಿದಳು. "ಲೆನ್ಸಪ್ಪನ ಮೇಲೆ ಎಷ್ಟು ಸಲ ರೇಗಿದೆ?"

"ಒಂದೇ ಸಲ."

"ಓಹೋ! ಒಂದೇ ಸಲಾನಾ?" ಅತ್ತಿಗೆ ಕಣ್ಣರಳಿಸಿದಳು. "ಹಾಗಾದ್ರೆ ಏನೋ ಇದೆ!"

ಆ ಹೆಸರು ಅಲ್ಲಿಗೇ ಅಂಟಿಕೊಂಡಿತು.

ಮೂರು ದಿನದ ಮೇಲೆ ಚಿಕ್ಕದನ್ನು ವಾಪಸ್ ಕೊಡಲು ಹೋದಾಗ ಅವಳ ಮುಖ ಕೆಂಪಾಗಿತ್ತು. ತೆಗೆದ ಫೋಟೋಗಳಲ್ಲಿ ಮುಕ್ಕಾಲು ಪಾಲು ಮಂಜು ಮಂಜು.

"ನಿಮ್ಮ ಕ್ಯಾಮೆರಾ ಸರಿ ಇಲ್ಲ!"

"ಇರಬಹುದು. ಬನ್ನಿ, ನೋಡೋಣ," ಎಂದು ಲೆನ್ಸಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕೂತೇಬಿಟ್ಟ. ಒಂದೊಂದೇ ಫೋಟೋ ಸರಿಸಿದ. ನಗಲಿಲ್ಲ, ಆಡಿಕೊಳ್ಳಲಿಲ್ಲ. ನೂರಿಪ್ಪತ್ತು ಫೋಟೋ ದಾಟಿದ ಮೇಲೆ ಅವನ ಹೆಬ್ಬೆರಳು ನಿಂತಿತು.

ಬೀಗದ ಕೈ ಮಾಡುವ ಹೆಂಗಸಿನ ಫೋಟೋ. ಅವಳು ಉಜ್ಜುತ್ತಿದ್ದ ಕೀಲಿಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು, ತುಟಿಯಂಚಿನಲ್ಲಿ ತನ್ನಷ್ಟಕ್ಕೆ ತಾನೇ ಮೆಚ್ಚಿಕೊಂಡ ನಗು.

"ಇದು ನೋಡಿ," ಎಂದ. "ಉಳಿದದ್ದೆಲ್ಲಾ ನಾನು ಹೇಳಿಕೊಡಬಹುದು. ಉಸಿರು ಬಿಟ್ಟು ಗುಂಡಿ ಒತ್ತಿ, ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ, ಅಷ್ಟೇ. ಆದರೆ ಇದನ್ನ ಯಾರೂ ಹೇಳಿಕೊಡೋಕಾಗಲ್ಲ."

ಅವಳು ಅವನ ಮುಖ ನೋಡಿದಳು. ಅವನು ಫೋಟೋ ನೋಡುತ್ತಿದ್ದ. ಎದೆಯೊಳಗೆ ಏನೋ ಮೆತ್ತಗೆ ಜಾರಿದಂತಾಯಿತು...

'ಅಯ್ಯೋ ದೇವರೇ, ಕೆಟ್ಟೆ!' ಎಂದುಕೊಂಡಳು.

* * *

ಅಲ್ಲಿಂದ ಶುರುವಾಯಿತು ಅವಳ ಯಾತ್ರೆ.

ಸೋಮವಾರ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಕೇಳಲು ಹೋದಳು. ಗುರುವಾರ ತುಂತುರು ಹನಿ ಬಿದ್ದರೆ ಯಾವುದು ತಡೆಯುತ್ತದೆ ಎಂದು ಕೇಳಲು. ಮುಂದಿನ ವಾರ ಚಿಕ್ಕದರ ಗುಂಡಿಗಳು, ಅದರ ಮುಂದಿನ ವಾರ ದೊಡ್ಡದರ ಪರದೆ. ಒಮ್ಮೆ ಏನೂ ಹೊಳೆಯದೆ, "ಈ ಕಪ್ಪು ಬಣ್ಣ ಬಿಸಿಲಿಗೆ ಮಾಸುತ್ತಾ?" ಎಂದು ಕೇಳಿ ಮೆಟ್ಟಿಲಿಳಿಯುವಾಗ ತನಗೆ ತಾನೇ ಛೀಮಾರಿ ಹಾಕಿಕೊಂಡಳು.

ದಿನವಿಡೀ ಬೇರೆಯವರ ಮೂಗಿನ ಮೇಲೆ ಗಾಜು ಬದಲಿಸುತ್ತಾ "ಇದು ಸ್ಪಷ್ಟವೋ, ಅದು ಸ್ಪಷ್ಟವೋ? ಬೇಗ ಹೇಳಿ!" ಎಂದು ಗದರುವವಳು ಎರಡು ಕ್ಯಾಮೆರಾಗಳ ನಡುವೆ ಏಳು ವಾರ ಒದ್ದಾಡಿದಳು ಎಂದರೆ ಯಾರು ನಂಬುತ್ತಾರೆ?

ಒದ್ದಾಟ ಕ್ಯಾಮೆರಾದ್ದಲ್ಲ. ಅದು ಅವಳಿಗೂ ಗೊತ್ತಿತ್ತು.

'ಒಂದನ್ನು ಆರಿಸಿದೆ ಅಂದ್ರೆ ಮುಗೀತು. ಆಮೇಲೆ ಯಾವ ನೆಪ ಹೇಳಿಕೊಂಡು ಆ ಮೆಟ್ಟಿಲು ಹತ್ತಲಿ?'

ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎನ್ನುತ್ತೀರಾ? ಒಮ್ಮೆ "ಭಯ ಆಗುತ್ತೆ" ಎನ್ನಿಸಿಕೊಂಡು ಬಂದವಳಿಗೆ ಹೇಳಿ ನೋಡಿ ಆ ಬುದ್ಧಿ.

ಮೇಲಾಗಿ ಈ ಲೆನ್ಸಪ್ಪನ ರೀತಿಯೇ ಅರ್ಥವಾಗುತ್ತಿರಲಿಲ್ಲ. ಕ್ಯಾಮೆರಾದ ಮಾತು ಬಂದರೆ ಬಾಯಿ ಬತ್ತುತ್ತಿರಲಿಲ್ಲ, ಕಣ್ಣು ಹೊಳೆಯುತ್ತಿತ್ತು. ಬೇರೆ ಏನೇ ಕೇಳಿದರೂ...

"ಊಟ ಆಯ್ತಾ?"

"ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿದ್ದೀನಿ ಮೇಡಂ."

"ಭಾನುವಾರ ಏನು ಮಾಡ್ತೀರಿ?"

"ಭಾನುವಾರದ ಬೆಳಕು... ಬೆಳಗ್ಗೆ ಎಂಟರ ಒಳಗೆ ತೆಗೆದ್ರೆ ಚೆನ್ನಾಗಿ ಬರುತ್ತೆ."

"ನಿಮಗೆ ಒಡಹುಟ್ಟಿದವರು ಎಷ್ಟು ಜನ?"

ಅವನು ಬಿಲ್ಲಿನ ಮೇಜಿನ ಕಡೆ ಕಳ್ಳನ ಹಾಗೆ ನೋಡಿ, ಕಿವಿಯ ತನಕ ಕೆಂಪಾಗಿ, "ಈ ಮಾದರೀಲಿ ಎರಡು ಬಣ್ಣ ಬರುತ್ತೆ," ಎಂದಿದ್ದ!

"ಅವನಿಗೆ ತಲೆ ಸರಿ ಇದೆಯಾ?" ಅತ್ತಿಗೆ ಕೇಳಿದಳು.

"ಸರಿ ಇದೆ. ನನ್ನ ಜೊತೆ ಮಾತು ಬೇಡ, ಅಷ್ಟೇ."

"ಬೇಡದವನು ಗಂಟೆಗಟ್ಟಲೆ ಮೆಟ್ಟಿಲ ಮೇಲೆ ಕೂತು ಪಾಠ ಹೇಳ್ತಾನಾ? ಯಾಕೆ, ಬೇರೆ ಗಿರಾಕಿ ಇಲ್ವಾ ಅವನಿಗೆ?"

ಅವಳು ನೀಲಿ ಬಟ್ಟೆಯೊಂದನ್ನು ತೆಗೆದುಕೊಂಡು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಏಳನೇ ವಾರ ಅವನೇ ಬಾಂಬ್ ಹಾಕಿದ.

"ಮೇಡಂ, ತಪ್ಪು ತಿಳೀಬೇಡಿ... ಈ ವಾರ ಒಂದು ತಗೊಂಡುಬಿಡಿ."

"ಯಾಕೆ?"

"ತಡ ಆಯ್ತು. ತುಂಬಾ ತಡ ಆಯ್ತು. ಯಾವುದಾದ್ರೂ ಸರಿ, ಬಿಲ್ ಮಾಡಿಸಿ ಮುಗಿಸಿಬಿಡಿ. ದಯವಿಟ್ಟು!"

'ಮುಗಿಸಿಬಿಡಿ...' ಆ ಮಾತು ಎದೆಗೆ ನೇರ ಬಂದು ಕೂತಿತು. ನನ್ನನ್ನು ಸಾಗಹಾಕಲು ಇಷ್ಟು ಆತುರವೇ? ಕಣ್ಣು ತುಂಬಿಕೊಂಡಿತು. ತುಂಬಿದ ಕಣ್ಣು ಯಾರಿಗೂ ಕಾಣಬಾರದೆಂದು ದನಿ ಎತ್ತರಿಸಿದಳು.

"ಸರಿ ಕಣ್ರೀ! ದೊಡ್ಡದನ್ನೂ ಮೂರು ದಿನ ಕೊಡಿ. ಮಂಗಳವಾರ ಹೇಳಿ ಮುಗಿಸ್ತೀನಿ. ನಿಮಗೂ ಕಾಟ ತಪ್ಪುತ್ತೆ!"

ಅವನು ಏನೋ ಹೇಳಲು ಹೋದ. ತುಟಿ ಅಲುಗಿತು. ಆದರೆ ಹೊರಬಂದದ್ದು ಮತ್ತೆ ಕ್ಯಾಮೆರಾವೇ.

"ಇದರಲ್ಲಿ ಮೆಮೊರಿ ಕಾರ್ಡ್ ಹಾಕೋಕೆ ಎರಡು ಜಾಗ ಇದೆ. ಒಂದರಲ್ಲಿ ಅಂಗಡಿ ಕಾರ್ಡ್ ಇರುತ್ತೆ, ಇನ್ನೊಂದರಲ್ಲಿ ನಿಮ್ಮದು ಹಾಕ್ಕೊಳ್ಳಿ. ತೆಗೆದ ಫೋಟೋ ಎರಡಕ್ಕೂ ಬೀಳುತ್ತೆ. ಒಂದು ಕೆಟ್ಟರೂ..."

ಅವಳು ಕೇಳಿಸಿಕೊಂಡಳೇ? ಎಲ್ಲಿಂದ! ಚೀಲ ಹೆಗಲಿಗೆ ಹಾಕಿಕೊಂಡು ದಡದಡ ಮೆಟ್ಟಿಲಿಳಿದಾಗಿತ್ತು.

* * *

ಆ ಮೂರು ದಿನ ಅವಳು ಮಾಡಿದ್ದು ಕ್ಯಾಮೆರಾ ಪರೀಕ್ಷೆಯಲ್ಲ.

ಕಣ್ಣು ಪರೀಕ್ಷೆಯ ಕೋಣೆಗೆ ಬೀದಿ ಕಡೆಗೊಂದು ಕಿಟಕಿ. ಕಿಟಕಿಯ ಕೆಳಗೇ, ಬೀದಿಯ ಆಚೆ ಬದಿಗೆ, ಕ್ಯಾಮೆರಾ ಅಂಗಡಿಯ ಗಾಜಿನ ಮುಂಭಾಗ. ಒಬ್ಬರು ಎದ್ದುಹೋಗಿ ಇನ್ನೊಬ್ಬರು ಬಂದು ಕೂರುವ ನಡುವೆ ಐದು ನಿಮಿಷ ಸಿಗುತ್ತಿತ್ತು. ದೊಡ್ಡ ಕ್ಯಾಮೆರಾವನ್ನು ಕಿಟಕಿ ಕಟ್ಟೆಗೆ ಆನಿಸಿ, ಉಸಿರು ಬಿಟ್ಟು, ಮೊಣಕೈ ಪಕ್ಕೆಗೊತ್ತಿ...

ಟಕ್.

ಲೆನ್ಸಪ್ಪ ಲೆನ್ಸನ್ನು ಬೆಳಕಿಗೆ ಹಿಡಿದು ನೋಡುತ್ತಿರುವುದು. ಟಕ್. ಲೆನ್ಸಪ್ಪ ಮಾವನ ಬೈಗುಳ ತಿಂದು ತಲೆ ಕೆರೆದುಕೊಳ್ಳುತ್ತಿರುವುದು. ಟಕ್. ಯಾರದೋ ಮಗುವನ್ನು ಎತ್ತಿ ಗಾಜಿನ ಮೇಜಿನ ಮೇಲೆ ಕೂರಿಸಿ ಆಟವಾಡಿಸುತ್ತಿರುವುದು. ಟಕ್. ಊಟದ ಮೇಲೆ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿರುವುದು. ಟಕ್, ಟಕ್, ಟಕ್!

ಎಲ್ಲಕ್ಕಿಂತ ಕೊನೆಯದು ಬೇರೆ ಥರ. ಅದರಲ್ಲಿ ಅವನು ಏನೂ ಮಾಡುತ್ತಿರಲಿಲ್ಲ. ಸುಮ್ಮನೆ ಬಾಗಿಲಲ್ಲಿ ನಿಂತು ಅವಳ ಕಿಟಕಿಯ ಕಡೆ ನೋಡುತ್ತಿದ್ದ. ಅವಳು ಪರದೆಯ ಹಿಂದೆ ಇದ್ದಳು, ಅವನಿಗೆ ಕಾಣುವ ಹಾಗಿರಲಿಲ್ಲ. 'ಮಳೆ ಬರುತ್ತೇನೋ ಅಂತ ಆಕಾಶ ನೋಡ್ತಿದ್ದಾನೆ,' ಎಂದು ಮನಸ್ಸಿಗೆ ಬುದ್ಧಿ ಹೇಳಿದಳು.

'ಕ್ಯಾಮೆರಾ ತಗೊಂಡ ಮೇಲೆ ಇವನು ಸಿಗಲ್ಲ. ಫೋಟೋನಾದ್ರೂ ಇರಲಿ.' ಅಷ್ಟೇ ಅವಳ ಲೆಕ್ಕ.

ಮಂಗಳವಾರ ಬೆಳಗ್ಗೆ ತನ್ನ ಕಾರ್ಡನ್ನು ಹುಷಾರಾಗಿ ತೆಗೆದು ಪರ್ಸಿನೊಳಗಿಟ್ಟು, ಕ್ಯಾಮೆರಾವನ್ನು ಅವನ ಕೈಗಿತ್ತಳು. "ಸಂಜೆ ಬಂದು ಹೇಳ್ತೀನಿ," ಎಂದು ಮುಖ ನೋಡದೆ ಹೊರಟುಬಂದಳು.

ಹನ್ನೊಂದು ಗಂಟೆಗೆ ಒಬ್ಬ ಬಸ್ ಡ್ರೈವರ್ ಪರೀಕ್ಷೆಯ ಕುರ್ಚಿಯಲ್ಲಿ ಕೂತಿದ್ದ. ಮೂಗಿನ ಮೇಲೆ ಗಾಜು ಬದಲಿಸುವ ದಪ್ಪ ಚೌಕಟ್ಟು, ಒಂದು ಕಣ್ಣಿಗೆ ಕಪ್ಪು ಮುಚ್ಚಳ.

"ಎಡಗಣ್ಣಲ್ಲಿ ಓದಿ."

ಓದಿದ.

"ಈಗ ಬಲಗಣ್ಣಲ್ಲಿ."

"ಅಮ್ಮಾ, ಎಡಗಣ್ಣಿಗೆ ಏನು ಬಿತ್ತೋ ಬಲಗಣ್ಣಿಗೂ ಅದೇ ಬೀಳ್ತಿದೆ. ಎರಡರಲ್ಲೂ ಒಂದೇ!"

"ಒಳ್ಳೇದು. ಎರಡರಲ್ಲೂ ಒಂದೇ..."

ಬರೆಯುತ್ತಿದ್ದ ಪೆನ್ನು ನಿಂತಿತು.

ಎರಡರಲ್ಲೂ ಒಂದೇ. ಎರಡು ಜಾಗ... ಎರಡು ಕಾರ್ಡ್... ತೆಗೆದ ಫೋಟೋ ಎರಡಕ್ಕೂ ಬೀಳುತ್ತೆ... ಒಂದು ಅಂಗಡಿಯದು!

ಪೆನ್ನನ್ನು ಮೇಜಿನ ಮೇಲೆ ಬಿಸಾಡಿದಳು.

"ಅಯ್ಯಯ್ಯೋ!"

"ಏನಾಯ್ತಮ್ಮಾ? ಕಣ್ಣು ಹೋಯ್ತಾ?" ಡ್ರೈವರ್ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ನಿಮ್ಮದಲ್ಲ, ನನ್ನ ಮಾನ! ಐದು ನಿಮಿಷ ಕೂತಿರಿ, ಅಲ್ಲಾಡಬೇಡಿ!"

ಬಿಳಿ ಕೋಟಿನಲ್ಲೇ ಓಡಿದಳು. ಎರಡೆರಡು ಮೆಟ್ಟಿಲು ಹಾರಿ ಬೀದಿ ದಾಟಿದಳು. 'ಇನ್ನೂ ನೋಡಿರಲ್ಲ... ಗಿರಾಕಿ ಬಂದಿರ್ತಾರೆ... ನೋಡಿರಲ್ಲ...' ಬಾಗಿಲು ತಳ್ಳಿದಳು.

ಗೋಡೆಯ ಮೇಲಿನ ದೊಡ್ಡ ಟೀವಿಯಲ್ಲಿ, ಆಳೆತ್ತರದ ಲೆನ್ಸಪ್ಪ, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ!

ಅದರ ಮುಂದೆ ಮಾವ, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು, ಸಿನಿಮಾ ನೋಡುವವನಂತೆ ಕೂತಿದ್ದ.

"ಬನ್ನಿ ಡಾಕ್ಟರಮ್ಮ! ಕೂತ್ಕೊಳ್ಳಿ. ಅರವತ್ತಮೂರು ಇದೆ, ಇದು ನಲವತ್ತನೇದು."

ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ಅವಳು ಸುತ್ತ ನೋಡಿದಳು. ಲೆನ್ಸಪ್ಪ ಇರಲಿಲ್ಲ. ಹಿಂದಿನ ರಿಪೇರಿ ಕೋಣೆಯ ಬಟ್ಟೆ ಪರದೆ ಎಳೆದಿತ್ತು.

"ಅವ... ಅವರು ನೋಡಿದ್ರಾ?"

"ಅವನೇ ಮೊದಲು ನೋಡಿದ್ದು. ಕಾರ್ಡ್ ಖಾಲಿ ಮಾಡೋಕೆ ಅಂತ ತೆರೆದ. ನೋಡ್ತಾ ನೋಡ್ತಾ ಬೆವರಿಬಿಟ್ಟ. ಸೀದಾ ನನ್ನ ಹತ್ತಿರ ಬಂದು, 'ಮಾವ, ಈ ಗಿರಾಕಿನ ಇನ್ನು ನೀನೇ ನೋಡ್ಕೋ. ನಾನು ಅವರ ಮುಂದೆ ನಿಲ್ಲೋಲ್ಲ,' ಅಂದ. ಆವಾಗ ಒಳಗೆ ಹೋದವನು ಹೊರಗೆ ಬಂದಿಲ್ಲ."

ಮುಂದೆ ನಿಲ್ಲೋಲ್ಲ...

ಮೂರು ವರ್ಷ ಒಳಗೇ ಉಳಿದಿದ್ದ ಮುಳ್ಳು ಚುಚ್ಚಿ ಎದ್ದಿತು. ಇವನಿಗೂ ಭಯವೇ! ಇಷ್ಟು ದಿನ ಮೆಟ್ಟಿಲ ಮೇಲೆ ಕೂತು ಮಂಜು ಮಂಜು ಫೋಟೋಗಳನ್ನೆಲ್ಲಾ ತಾಳ್ಮೆಯಿಂದ ನೋಡಿದವನು, ಈಗ ಪರದೆ ಎಳೆದುಕೊಂಡು ಒಳಗೆ ಕೂತನೇ?

ಅಳು ನುಂಗಿ, ಪರದೆಯಾಚೆಗೂ ಕೇಳುವ ಹಾಗೆ ಗುಡುಗಿದಳು:

"ಯಾರೂ ಯಾರ ಮುಂದೆಯೂ ನಿಲ್ಲಬೇಕಾಗಿಲ್ಲ! ನಾನು ಯಾರನ್ನೂ ಹಿಡಿದುಕೊಂಡು ತಿನ್ನಲ್ಲ! ಬಿಲ್ ಮಾಡಿ ಯಜಮಾನರೇ, ಈಗಲೇ!"

"ಯಾವುದಕ್ಕೆ?"

"ಚಿಕ್ಕದು!"

ಏಳು ವಾರ ಬಗೆಹರಿಯದ್ದು ಒಂದೇ ಉಸಿರಿಗೆ ಬಗೆಹರಿದಿತ್ತು. ಅದು ಬಾಯಿಂದ ಹೊರಬಿದ್ದಾಗ ಅವಳಿಗೇ ಆಶ್ಚರ್ಯವಾಯಿತು.

"ಯೋಚನೆ ಮಾಡಿದ್ರಾ? ದೊಡ್ಡದರಲ್ಲಿ ಇಷ್ಟು ಚೆನ್ನಾಗಿ ತೆಗೆದಿದ್ದೀರಲ್ಲ..."

"ದೊಡ್ಡದು ಕಿಟಕಿ ಹಿಂದೆ ಅಡಗಿ ಕೂತು ತೆಗೆಯೋಕೆ! ನನಗೆ ಜನರ ಹತ್ತಿರ ಹೋಗಿ, ಮುಖ ನೋಡಿಕೊಂಡು ತೆಗೀಬೇಕು. ಅದಕ್ಕೆ ಚಿಕ್ಕದೇ ಸರಿ. ಬರೀರಿ! ಇನ್ನು ಈ ಮೆಟ್ಟಿಲು ನಾನು ಹತ್ತಲ್ಲ!"

ಮಾವ ಬಿಲ್ ಪುಸ್ತಕ ತೆಗೆದ. ಮೀಸೆ ಸವರಿದ. ಬಿಲ್ಲಿನ ಮೇಲೆ ತಾರೀಖು ಬರೆಯಲು ಇಷ್ಟು ಹೊತ್ತು ತೆಗೆದುಕೊಂಡ ಮನುಷ್ಯನನ್ನು ಅವಳು ಎಲ್ಲೂ ಕಂಡಿರಲಿಲ್ಲ. ಬಾಡಿಯ ನಂಬರನ್ನು ಒಂದೊಂದೇ ಅಂಕಿ ಓದಿ ಓದಿ ಬರೆದ. ಸೀಲನ್ನು ಹುಡುಕಿದ. ಬಾಯಿಂದ ಹಾ ಎಂದು ಊದಿದ. ಧಪ್ ಎಂದು ಒತ್ತಿದ.

ಪರದೆಯ ಹಿಂದಿನಿಂದ ದನಿ ಬಂತು: "ಬಿಲ್ ಆಯ್ತಾ ಮಾವ?"

"ಆಯ್ತು."

"ಸೀಲು?"

"ಈಗ ಒತ್ತಿದ್ದು ಕೇಳಿಸ್ಲಿಲ್ವಾ?"

"ಅಂದ್ರೆ ಇವರು ಇನ್ನು ಗಿರಾಕಿ ಅಲ್ಲ?"

"ಅಲ್ಲ ಕಣಯ್ಯಾ! ಹೊರಗೆ ಬಾ, ಸಾಕು!"

ಪರದೆ ಸರಕ್ಕನೆ ಸರಿಯಿತು. ಲೆನ್ಸಪ್ಪ ನಿಂತಿದ್ದ. ಕೂದಲು ಕೆದರಿತ್ತು. ಹಣೆಯಲ್ಲಿ ಬೆವರು. ಆದರೆ ಮುಖದಲ್ಲಿ... ಅಂಥ ನಗುವನ್ನು ಅವಳು ಅರವತ್ತಮೂರು ಫೋಟೋಗಳಲ್ಲಿ ಒಂದರಲ್ಲೂ ಹಿಡಿದಿರಲಿಲ್ಲ.

ಒಂದೇ ಉಸಿರಿಗೆ ಶುರು ಮಾಡಿದ:

"ಊಟ ಆಗಿಲ್ಲ. ಭಾನುವಾರ ಬಟ್ಟೆ ಒಗೀತೀನಿ, ಸಂಜೆ ಸುಮ್ನೆ ತಿರುಗಾಡ್ತೀನಿ. ಇಬ್ಬರು ಅಕ್ಕಂದಿರು, ಒಬ್ಬ ತಮ್ಮ. ಇನ್ನೂ ಏನೇನು ಕೇಳಿದ್ರಿ, ಎಲ್ಲಾ ನೆನಪಿದೆ, ಒಂದೊಂದಾಗಿ ಹೇಳ್ತೀನಿ!"

ಅವಳು ಪಿಳಿಪಿಳಿ ನೋಡಿದಳು. "ಏ... ಏನು ಇದು?"

ಮಾವ ಗಂಟಲು ಸರಿಮಾಡಿಕೊಂಡ. "ನಾನು ಹೇಳ್ತೀನಿ ಡಾಕ್ಟರಮ್ಮ. ಇವನಿಗಿಂತ ಮುಂಚೆ ಇಲ್ಲಿ ಒಬ್ಬನಿದ್ದ. ಬಂದ ಹೆಣ್ಣುಮಕ್ಕಳಿಗೆಲ್ಲಾ ಫೋನ್ ಮಾಡಿ ಹಲ್ಲು ಕಿರಿಯೋನು. ಒಂದು ದಿನ ಒಬ್ಬಳ ಅಣ್ಣಂದಿರು ಬಂದು ನನ್ನ ಕಾಲರ್ ಹಿಡಿದ್ರು. ನನ್ನ ಕಾಲರ್! ಅವತ್ತೇ ಕಾನೂನು ಮಾಡಿದೆ. ಬಿಲ್ ಆಗೋ ತನಕ ಗಿರಾಕಿ ಜೊತೆ ಕ್ಯಾಮೆರಾ ಬಿಟ್ಟು ಬೇರೆ ಒಂದು ಮಾತೂ ಆಡಕೂಡದು. ಇವನು ಕೆಲಸಕ್ಕೆ ಸೇರುವಾಗ ಕೈ ಮೇಲೆ ಕೈ ಹಾಕಿ ಮಾತು ಕೊಟ್ಟ. ಮೂರ್ಖ, ಅಕ್ಷರಶಃ ಪಾಲಿಸಿದ!"

ಅವಳಿಗೆ ಒಂದೊಂದೇ ಗಂಟು ಬಿಚ್ಚಿಕೊಳ್ಳುತ್ತಿತ್ತು. ಚಾರ್ಜ್ ಮಾಡಿದ ಬ್ಯಾಟರಿ... ಭಾನುವಾರದ ಬೆಳಕು... ಎರಡು ಬಣ್ಣ...

"ಅದಕ್ಕೇನಾ ಬಿಲ್ ಮಾಡಿಸಿ ಮುಗಿಸಿಬಿಡಿ ಅಂದಿದ್ದು?"

"ಮತ್ತೆ!" ಲೆನ್ಸಪ್ಪ ಅಳುವವನ ಹಾಗೆ ನಕ್ಕ. "ಏಳು ವಾರ ಮೇಡಂ! ನೀವು ಒಂದು ಆರಿಸಿದ್ರೆ ಮಾತಾಡಬಹುದು ಅಂತ ನಾನು ಕಾಯ್ತಿದ್ದೆ. ನೀವು ಬಣ್ಣ ಮಾಸುತ್ತಾ ಅಂತ ಕೇಳಿಕೊಂಡು ಬರ್ತಿದ್ರಿ!"

"ನಾನು ಆರಿಸಿದ್ರೆ ಬರೋಕೆ ನೆಪ ಇರಲ್ಲ ಅಂತ..."

ಮಾತು ಬಾಯಿಂದ ಜಾರಿಯೇ ಹೋಯಿತು. ತುಟಿ ಕಚ್ಚಿಕೊಂಡಳು. ತಡವಾಗಿತ್ತು!

"ಮತ್ತೆ ಮುಂದೆ ನಿಲ್ಲೋಲ್ಲ ಅಂದಿದ್ದು?"

"ಆ ಫೋಟೋಗಳನ್ನ ನೋಡಿದ ಮೇಲೆ ನಿಮ್ಮ ಮುಂದೆ ನಿಂತ್ರೆ ಬಾಯಿ ನನ್ನ ಮಾತು ಕೇಳ್ತಿರಲಿಲ್ಲ. ಮಾವನಿಗೆ ಕೊಟ್ಟ ಮಾತು ಅಲ್ಲೇ ಮುರಿದುಹೋಗ್ತಿತ್ತು."

ಅವನು ಟೀವಿಯ ಮೇಲಿನ ಚಿತ್ರಗಳನ್ನು ಸರಸರ ಮುಂದೆ ಓಡಿಸಿದ. ಕೊನೆಯದಕ್ಕೆ ನಿಲ್ಲಿಸಿದ. ಅಂಗಡಿ ಬಾಗಿಲಲ್ಲಿ ನಿಂತು ಮೇಲೆ ನೋಡುತ್ತಿರುವ ಲೆನ್ಸಪ್ಪ.

"ಇದನ್ನ ತೆಗೀವಾಗ ನಾನು ಏನು ನೋಡ್ತಿದ್ದೆ ಅಂದುಕೊಂಡ್ರಿ?"

"ಮಳೆ..." ಅವಳ ದನಿ ಕ್ಷೀಣವಾಯಿತು.

"ಅವತ್ತು ಮೋಡವೇ ಇರಲಿಲ್ಲ."

ಮಾವ ಒಮ್ಮೆಲೇ ಬಿಲ್ ಪುಸ್ತಕದೊಳಗೆ ಮುಖ ಹುದುಗಿಸಿ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕತೊಡಗಿದ.

"ನನಗೆ ಸಿಟ್ಟು ಜಾಸ್ತಿ," ಅವಳು ಮೆಲ್ಲಗೆ ಹೇಳಿದಳು. ಇದನ್ನು ಮೊದಲೇ ಹೇಳಿಬಿಡಬೇಕಿತ್ತು ಎನ್ನಿಸಿತು. "ಗೊತ್ತಲ್ವಾ? ಮನೇಲಿ ಮೆಣಸಿ ಅಂತಾರೆ. ಆಮೇಲೆ... ಭಯ ಆಗುತ್ತೆ ಅಂದ್ರೆ..."

"ಗೊತ್ತಿದೆ. ನೀವು ರೇಗಿದ ದಿನ ಅಂಗಡೀಲಿ ಇಡೀ ದಿನ ಖುಷಿಯಾಗಿರ್ತೀನಿ. ಮಾವನ್ನ ಕೇಳಿ. ರೇಗದೆ ಹೋದ ದಿನವೇ ಭಯ ಆಗೋದು, ಏನು ತಪ್ಪಾಯ್ತೋ ಅಂತ."

"ನಿಜಾನಾ?"

"ಬಿಲ್ ಆದ ಮೇಲೆ ಸುಳ್ಳು ಯಾಕೆ ಹೇಳಲಿ?"

ಅವಳ ಕಣ್ಣಿಂದ ಈಗ ನೀರು ಬಂದೇ ಬಂತು. ಜೊತೆಗೆ ನಗುವೂ ಬಂತು. ಎರಡನ್ನೂ ಬಿಳಿ ಕೋಟಿನ ತೋಳಿನಲ್ಲಿ ಒರೆಸಿಕೊಳ್ಳುತ್ತಿರುವಾಗ ಬಾಗಿಲು ಕಿರ್ ಎಂದಿತು.

ಬಸ್ ಡ್ರೈವರ್! ಮೂಗಿನ ಮೇಲೆ ಅದೇ ದಪ್ಪ ಚೌಕಟ್ಟು, ಒಂದು ಕಣ್ಣಿಗೆ ಅದೇ ಕಪ್ಪು ಮುಚ್ಚಳ. ಎರಡೂ ಕೈ ಮುಂದೆ ಚಾಚಿಕೊಂಡು ತಡವರಿಸುತ್ತಾ ಒಳಗೆ ಬಂದ.

"ಐದು ನಿಮಿಷ ಅಂದ್ರಲ್ಲಮ್ಮಾ! ಅರ್ಧ ಗಂಟೆ ಆಯ್ತು! ಅಲ್ಲಾಡಬೇಡಿ ಅಂದ್ರಿ ಅಂತ ಇದನ್ನ ತೆಗೆದಿಲ್ಲ. ಒಂದೇ ಕಣ್ಣಲ್ಲಿ ಬೀದಿ ದಾಟಿ ಬಂದಿದ್ದೀನಿ, ನನ್ನ ಮೇಲೇ ಬಸ್ ಹತ್ತುತ್ತಿತ್ತು!"

ಮೂವರೂ ಬಿದ್ದು ಬಿದ್ದು ನಕ್ಕರು. ಡ್ರೈವರ್ ಸಿಟ್ಟಿನಿಂದ ಮುಚ್ಚಳ ಕಿತ್ತು, ಟೀವಿಯ ಮೇಲಿನ ಫೋಟೋ ನೋಡಿ, ಪಕ್ಕದಲ್ಲಿ ನಿಂತವನ ಮುಖ ನೋಡಿ, ಅವಳ ಒದ್ದೆ ಕಣ್ಣು ನೋಡಿ, "ಓ... ಹಾಗೋ!" ಎಂದ. "ಹಾಗಾದ್ರೆ ಇನ್ನೂ ಐದು ನಿಮಿಷ ತಗೊಳ್ಳಿ."

* * *

ಭಾನುವಾರ, ಬೆಳಗ್ಗೆ ಏಳೂವರೆ. ಕೆರೆಯ ಪಕ್ಕದ ಕಾಲುದಾರಿಯಲ್ಲಿ ಎಳೆ ಬಿಸಿಲು ಹಾಸಿತ್ತು.

ಅವಳು ಹೊರಡುವಾಗ ಅತ್ತಿಗೆ ಬಾಗಿಲಲ್ಲಿ ನಿಂತು, "ಲೆನ್ಸಪ್ಪನ ಮೇಲೆ ಇವತ್ತು ಕಡಿಮೆ ಅಂದ್ರೆ ಎರಡು ಸಲ ರೇಗಬೇಕು, ಇಲ್ಲಾಂದ್ರೆ ಪಾಪ ಬೇಜಾರಾಗ್ತಾನೆ," ಎಂದು ಹೇಳಿ ಕಳಿಸಿದ್ದಳು. ಒಂದು ಸಲ ಆಗಲೇ ಆಗಿತ್ತು. ಅವನು ಹತ್ತು ನಿಮಿಷ ತಡವಾಗಿ ಬಂದಿದ್ದ. ಬೈಸಿಕೊಂಡು ಹಲ್ಲು ಕಿಸಿದು ನಿಂತಿದ್ದ.

"ಅಲ್ಲಿ, ಆ ಮರದ ಹತ್ತಿರ ನಿಲ್ಲಿ," ಎಂದಳು. ಕೊರಳಲ್ಲಿ ಅವಳದೇ ಆದ ಚಿಕ್ಕ ಕ್ಯಾಮೆರಾ.

ಅವನು ಹೋಗಿ ನಿಂತ. ನಿಂತದ್ದೇ ಕಂಬವಾದ! ಬೆನ್ನು ಸೆಟೆದುಕೊಂಡಿತು, ಗದ್ದ ಮೇಲೆದ್ದಿತು, ಕಣ್ಣು ಅಗಲವಾಯಿತು.

"ಇದೇನು, ಪರೀಕ್ಷೆ ಹಾಲ್ ಟಿಕೆಟಿಗೆ ಫೋಟೋನಾ? ಸಲೀಸಾಗಿ ನಿಲ್ಲಿ!"

"ನನ್ನನ್ನ ಯಾರೂ ಹೀಗೆ ನಿಲ್ಲಿಸಿ ತೆಗೆದೇ ಇಲ್ಲ ಮೇಡಂ. ಯಾವಾಗಲೂ ನಾನು ಆ ಕಡೆ ಇರೋನು, ಕ್ಯಾಮೆರಾ ಹಿಂದೆ."

"ಮೊದಲು ಆ ಮೇಡಂ ಬಿಡಿ."

"ಹಾಗಾದ್ರೆ ನನ್ನನ್ನ 'ನೀವು' ಅನ್ನೋದನ್ನೂ ಬಿಡ್ತೀಯಾ?"

ಅವಳ ಕೆನ್ನೆ ಬಿಸಿಯಾಯಿತು. ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಮುಖ ಮರೆಮಾಡಿಕೊಂಡಳು. ಚೌಕದೊಳಗೆ ಅವನು ಒಂದು ಕೈಯನ್ನು ಜೇಬಿಗೆ ಹಾಕಿದ, ತೆಗೆದ, ಬೆನ್ನ ಹಿಂದೆ ಕಟ್ಟಿದ, ಬಿಟ್ಟ.

"ಕೈ ಎಲ್ಲಿಡಬೇಕು ಅಂತಾನೇ ಗೊತ್ತಾಗ್ತಿಲ್ಲ ಕಣೇ!"

ಅವಳು ಕ್ಯಾಮೆರಾ ಕೆಳಗಿಳಿಸಿದಳು. ನಡೆದು ಅವನ ಹತ್ತಿರ ಬಂದಳು. ತನ್ನ ಅಂಗೈ ಮುಂದೆ ಚಾಚಿದಳು.

"ಇಲ್ಲಿಡು."

ಅವನು ಇಟ್ಟ. ಈ ಸಲ ಇಬ್ಬರ ಕೈಗಳ ನಡುವೆ ಯಾವ ಕ್ಯಾಮೆರಾವೂ ಇರಲಿಲ್ಲ.

"ಫೋಟೋ?" ಎಂದ, ಸ್ವಲ್ಪ ಹೊತ್ತಾದ ಮೇಲೆ.

"ಬೆಳಕು ಎಷ್ಟು ಹೊತ್ತಿನ ತನಕ ಇರುತ್ತೆ?"

"ಎಂಟರ ತನಕ."

"ಹಾಗಾದ್ರೆ ಇವತ್ತು ಬೇಡ," ಎಂದಳು ಅವಳು, ಕೈ ಬಿಡದೆ. "ಮುಂದಿನ ಭಾನುವಾರ ತೆಗೀತೀನಿ. ಅದರ ಮುಂದಿನ ಭಾನುವಾರವೂ."